ಶಿಕಾಗೊದಿಂದ ಮಿಸಿಸಿಪ್ಪಿ ಡೆಲ್ಟಾಕ್ಕೆ: ಮನೆಮಂದಿಯೆಲ್ಲ ಹೋಗಬೇಕೇ, ವೈದ್ಯೆಯೊಬ್ಬರೇ ಹೋದರೆ ಸಾಕೇ?

ಪ್ರಶ್ನೆ: ನನ್ನ ಪತ್ನಿ ಶಿಕಾಗೊದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ (ತಜ್ಞ ತರಬೇತಿಯ) ಕೊನೆಯ ವರ್ಷದಲ್ಲಿದ್ದಾರೆ. ತರಬೇತಿಗೆ ಕೊಡುವ ಜೆ-1 ವೀಸಾ ಆದ್ದರಿಂದ ಎರಡು ವರ್ಷ ಭಾರತಕ್ಕೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ದುಡಿಯುವ ಷರತ್ತಿಗೆ ಒಪ್ಪಿ ವಿನಾಯಿತಿ ಪಡೆಯಬೇಕು. ಮಿಸಿಸಿಪ್ಪಿ ಡೆಲ್ಟಾದ, ಅಂದರೆ ಆ ರಾಜ್ಯದ ವಾಯವ್ಯ ಬಯಲಿನ, ಸಣ್ಣ ಆಸ್ಪತ್ರೆಯೊಂದು ಕೆಲಸ ಕೊಡಲು ಮುಂದೆ ಬಂದಿದೆ. ನಾನು ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಮನೆಯಿಂದಲೇ ಕೆಲಸ ಮಾಡಲು ಮ್ಯಾನೇಜರ್ ಒಪ್ಪಿದ್ದಾರೆ. ಮಗಳಿಗೆ 11 ವರ್ಷ, ಮಗನಿಗೆ 6. ಮೈಸೂರಿನಿಂದ ಅಮ್ಮ ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಬಂದು ಕೆಲವು ತಿಂಗಳು ನಮ್ಮೊಂದಿಗಿರುತ್ತಾರೆ. "ಅವರೊಬ್ಬರೇ ಹೋಗಲಿ, ವಾರ ಬಿಟ್ಟು ವಾರ ಬಂದು ಹೋಗಬಹುದಲ್ಲ, ಮಕ್ಕಳ ಓದನ್ನೇಕೆ ಕೆಡಿಸುತ್ತೀರಿ" ಎಂದು ಸ್ನೇಹಿತರು ಹೇಳುತ್ತಿದ್ದಾರೆ. ನಿಮ್ಮ ಸಲಹೆ ಏನು?

ಉತ್ತರ: ಎಲ್ಲರೂ ಹೋಗಿ ಎಂಬುದೇ ನನ್ನ ಸಲಹೆ. ಆದರೆ ಆ ಊರು ಸರಿಯೇ ಎಂಬುದನ್ನು ನಿಮ್ಮ ಪತ್ನಿಯ ಸಂಬಳದ ಪತ್ರ ನೋಡಿ ತೀರ್ಮಾನಿಸಬೇಡಿ. ಇದೇ ವಿನಾಯಿತಿಯ ದಾರಿಯಲ್ಲಿ ಡೆಲ್ಟಾಕ್ಕೆ ಬಂದು ಇಲ್ಲಿಯೇ ಉಳಿದ ವೈದ್ಯ ನಾನು. ನನ್ನ ನಂತರ ಬಂದ ಹಲವು ಕುಟುಂಬಗಳನ್ನು ಹತ್ತಿರದಿಂದ ನೋಡಿದ್ದೇನೆ. ವೈದ್ಯರಾಗಿ ಬಂದವರು ಇಲ್ಲಿ ಸೋಲುವುದು ಅಪರೂಪ. ಆಸ್ಪತ್ರೆಯ ಬಾಗಿಲು ದಾಟಿದ ದಿನದಿಂದಲೇ ಅವರಿಗೆ ಕೆಲಸ, ಗೌರವ, ಮಾತನಾಡಿಸುವ ಜನ ಎಲ್ಲವೂ ಇರುತ್ತದೆ. ಸೋಲುವುದು ಮನೆಯಲ್ಲಿರುವವರು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಗಂಡ ಏನು ಮಾಡುತ್ತಿರುತ್ತಾನೆ, ಮಗಳು ಯಾರ ಜೊತೆ ಕುಳಿತಿರುತ್ತಾಳೆ, ಅತ್ತೆ ಯಾವ ಕಿಟಕಿಯಿಂದ ಏನನ್ನು ನೋಡುತ್ತಿರುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬಂದ ಮನೆಗಳು ಒಂದೇ ವರ್ಷದಲ್ಲಿ ಎರಡು ಊರಿಗೆ ಹಂಚಿಹೋಗಿವೆ. ಆಸ್ಪತ್ರೆಯ ಒಪ್ಪಂದಕ್ಕೆ ಸಹಿ ಹಾಕುವವರು ಒಬ್ಬರು. ಆ ಊರಿನಲ್ಲಿ ಬಾಳಬೇಕಾದವರು ಐದು ಜನ.

ಮೊದಲು "ಅವರೊಬ್ಬರೇ ಹೋಗಲಿ" ಎಂಬ ಮಾತನ್ನು ನೋಡೋಣ. ಏಳು ದಿನ ಕೆಲಸ, ಏಳು ದಿನ ಬಿಡುವು ಎಂಬ ಪಾಳಿ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಸ್ನೇಹಿತರು ಅದನ್ನೇ ನಂಬಿ ಹೇಳುತ್ತಿರಬೇಕು. ದಿನಕ್ಕೆ ಹನ್ನೆರಡು ಗಂಟೆಯಂತೆ ಏಳು ದಿನ ದುಡಿದವರಿಗೆ ಎಂಟನೆಯ ದಿನ ಬೇಕಾದದ್ದು ನಿದ್ದೆ. ಅದರ ಬದಲು ಪಕ್ಕದ ರಾಜ್ಯದ ದೊಡ್ಡ ನಗರವಾದ ಮೆಂಫಿಸ್‌ವರೆಗೆ ಕಾರು ಓಡಿಸಿ ವಿಮಾನ ಹತ್ತಬೇಕು. ಸಣ್ಣ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರು ರಜೆ ಹಾಕಿದರೆ ಬಿಡುವಿನ ವಾರವೂ ಕೈಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ, ಮೂರು ವರ್ಷ ಎಂಬುದು ವಿನಾಯಿತಿಯ ಲೆಕ್ಕ ಮಾತ್ರ. ಕೊರತೆಯ ಪ್ರದೇಶದಲ್ಲಿ ಒಟ್ಟು ಐದು ವರ್ಷ ಸೇವೆ ಮಾಡುವ ವೈದ್ಯರಿಗೆ ರಾಷ್ಟ್ರೀಯ ಹಿತದ ಆಧಾರದ ಮೇಲೆ ಗ್ರೀನ್ ಕಾರ್ಡ್ ಅರ್ಜಿ ಹಾಕುವ ಅವಕಾಶವಿದೆ. ಈ ಮೂರು ವರ್ಷವೂ ಆ ಐದರಲ್ಲಿ ಸೇರುತ್ತದೆ. ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ಉದ್ದವಿದೆ ಎಂಬುದು ನಿಮಗೆ ಗೊತ್ತೇ ಇದೆ. ಮೂರು ವರ್ಷಕ್ಕೆಂದು ಬಂದವರು ಐದು ವರ್ಷ ಉಳಿಯುವುದು ಇಲ್ಲಿ ಸಾಮಾನ್ಯ. ಮಗಳ 11ರಿಂದ 16ರವರೆಗಿನ ವಯಸ್ಸನ್ನು ತಾಯಿ ಫೋನಿನಲ್ಲಿ ನೋಡಬೇಕೇ?

ಇನ್ನು ನಿಮ್ಮ ವೀಸಾ. ಎಲ್ಲರೂ ಪತ್ನಿಯ ವಿನಾಯಿತಿಯ ಬಗ್ಗೆಯೇ ಮಾತನಾಡುತ್ತಾರೆ. ಆ ದಾರಿ ಚೆನ್ನಾಗಿ ತುಳಿದ ದಾರಿ. 1994ರಲ್ಲಿ ಆರಂಭವಾದ ಕಾನ್ರಾಡ್ ಯೋಜನೆಯಡಿ ಈಗ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ವಿನಾಯಿತಿಗಳಿವೆ. ಎಂಟು ರಾಜ್ಯಗಳ 250ಕ್ಕೂ ಹೆಚ್ಚು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಗಳಿಗೆ) ಸಂಬಂಧಿಸಿದ ಡೆಲ್ಟಾ ಪ್ರಾದೇಶಿಕ ಪ್ರಾಧಿಕಾರದ ಮೂಲಕ ಇನ್ನೊಂದು ದಾರಿಯಿದೆ, ನಿಮ್ಮ ಕೌಂಟಿ ಅದರೊಳಗೇ ಬರುತ್ತದೆ. ಆದರೆ ನಿಮ್ಮ ಎಚ್-1ಬಿ ಅರ್ಜಿಯಲ್ಲಿ ಕೆಲಸದ ಸ್ಥಳ ಶಿಕಾಗೊ ಎಂದಿದೆಯಲ್ಲವೇ? 2015ರ ಸಿಮಿಯೊ ತೀರ್ಪಿನ ನಂತರ, ಕೆಲಸದ ಸ್ಥಳ ಬೇರೊಂದು ಪ್ರದೇಶಕ್ಕೆ ಬದಲಾದರೆ ಕಂಪನಿ ತಿದ್ದುಪಡಿ ಅರ್ಜಿ ಸಲ್ಲಿಸಲೇಬೇಕು. ಡೆಲ್ಟಾದ ಮನೆಯ ಊಟದ ಮೇಜೂ ಕೆಲಸದ ಸ್ಥಳವೇ. ಮ್ಯಾನೇಜರ್ ಒಪ್ಪಿದ್ದಾರೆ ಎಂಬ ಮಾತಿಗೆ ಕಾನೂನಿನ ಬೆಲೆಯಿಲ್ಲ. ಕಂಪನಿಯ ವಕೀಲರು ಲಿಖಿತವಾಗಿ ಒಪ್ಪಬೇಕು, ನೀವು ಹೊರಡುವ ಮೊದಲೇ ಅರ್ಜಿ ಹೋಗಬೇಕು, ಮಿಸಿಸಿಪ್ಪಿಯಲ್ಲಿ ಸಂಬಳದ ತೆರಿಗೆ ಕಟ್ಟಲು ಕಂಪನಿ ನೋಂದಣಿ ಮಾಡಿಕೊಳ್ಳಬೇಕು. ಇದಕ್ಕೆ ಕಂಪನಿ ಒಪ್ಪದೆ ನೀವು ಸಂಗಾತಿಗೆ ಕೊಡುವ ಎಚ್-4 ವೀಸಾಕ್ಕೆ ಬದಲಾಗಬೇಕಾಗಿ ಬಂದರೆ, ಇಬ್ಬರಲ್ಲಿ ಎಚ್-1ಬಿ ಇರುವವರ ಐ-140 (ಗ್ರೀನ್ ಕಾರ್ಡ್‌ನ ಮೊದಲ ಹಂತದ ಅರ್ಜಿ) ಮಂಜೂರಾಗುವವರೆಗೆ ಸಾಮಾನ್ಯವಾಗಿ ನಿಮಗೆ ಕೆಲಸದ ಪರವಾನಗಿ ಸಿಗುವುದಿಲ್ಲ. ಹಾಗೆ ಕೈಕಟ್ಟಿ ಕುಳಿತ ಗಂಡಂದಿರನ್ನೂ ಹೆಂಡತಿಯರನ್ನೂ ಕಂಡಿದ್ದೇನೆ. ಊರು ಕಹಿಯಾಗುವುದು ಅಲ್ಲಿಂದ. ಇನ್ನೊಂದು ಮಾತು: ಪತ್ನಿಯ ಜೆ-1 ಎಚ್-1ಬಿಗೆ ಬದಲಾಗುವ ಅರ್ಜಿ ಬಾಕಿಯಿರುವಾಗ ಅವರು ಅಮೆರಿಕ ಬಿಟ್ಟು ಹೊರಗೆ ಹೋಗಬಾರದು. ಹೋದರೆ ಆ ಬದಲಾವಣೆಯ ಕೋರಿಕೆಯನ್ನೇ ಕೈಬಿಟ್ಟಂತೆ. ರೆಸಿಡೆನ್ಸಿ ಮುಗಿಯಿತೆಂದು ಊರಿಗೆ ಟಿಕೆಟ್ ಮಾಡಿಸುವ ಆಸೆ ಸಹಜ; ತಡೆಯಿರಿ.

ಆಸ್ಪತ್ರೆಯ ಬಗ್ಗೆಯೂ ನೀವೇ ವಿಚಾರಿಸಬೇಕು. ದಕ್ಷಿಣದ ಹಳ್ಳಿ ಆಸ್ಪತ್ರೆಗಳು ಬಹಳ ಬಡವಾಗಿವೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಲು ಮಿಸಿಸಿಪ್ಪಿ ಇಂದಿಗೂ ಒಪ್ಪಿಲ್ಲ. ಅಲಬಾಮಾ, ಜಾರ್ಜಿಯಾ, ಟೆನೆಸ್ಸಿಗಳೂ ಒಪ್ಪಿಲ್ಲ. ಹಣ ಕೊಡಲಾಗದ ರೋಗಿಗಳ ಭಾರವನ್ನು ಆಸ್ಪತ್ರೆಯೇ ಹೊರುತ್ತದೆ. ಡೆಲ್ಟಾದಲ್ಲಿದ್ದ ಏಕೈಕ ನವಜಾತ ಶಿಶು ತೀವ್ರ ನಿಗಾ ಘಟಕ 2022ರಲ್ಲಿ ಮುಚ್ಚಿತು. ಹೆರಿಗೆ ವಿಭಾಗಗಳೂ ಒಂದೊಂದಾಗಿ ಮುಚ್ಚುತ್ತಿವೆ. ಕಳೆದ ವರ್ಷ ಯಾವ ವಿಭಾಗ ಮುಚ್ಚಿತು, ಸಂಬಳ ಎಂದಾದರೂ ತಡವಾಯಿತೇ, ಹಿಂದಿನ ವಿನಾಯಿತಿ ವೈದ್ಯರು ಮೂರು ವರ್ಷ ತುಂಬಿದ ಮೇಲೆ ಉಳಿದರೇ ಎಂದು ಕೇಳಿ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಹಾಗೆ ಬಿಟ್ಟು ಹೋದವರ ಫೋನ್ ಸಂಖ್ಯೆ ಕೊಡಲು ಆಸ್ಪತ್ರೆ ಹಿಂಜರಿದರೆ, ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಆಸ್ಪತ್ರೆ ಮುಚ್ಚಿದರೆ ವಿನಾಯಿತಿಯೇ ಕೈತಪ್ಪುತ್ತದೆಂದು ಹೆದರಬೇಕಾಗಿಲ್ಲ. ಅಂಥ ಅನಿವಾರ್ಯ ಕಾರಣವಿದ್ದಾಗ ಕೊರತೆಯಿರುವ ಇನ್ನೊಂದು ಊರಿನಲ್ಲಿ ಉಳಿದ ಅವಧಿ ಮುಗಿಸಲು ಕಾನೂನು ಅವಕಾಶ ಕೊಡುತ್ತದೆ. ಆದರೆ ಮಕ್ಕಳ ಶಾಲೆ ಮತ್ತೆ ಬದಲಾಗುತ್ತದೆ.

ಶಾಲೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಿಮ್ಮ ಸ್ನೇಹಿತರ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಡೆಲ್ಟಾದ ಬಹಳಷ್ಟು ಊರುಗಳಲ್ಲಿ ಎರಡು ಬಗೆಯ ಶಾಲೆಗಳಿವೆ. ಒಂದು ಸಾರ್ವಜನಿಕ ಶಾಲೆ, ಅಲ್ಲಿ ಹೆಚ್ಚಿನವರು ಕಪ್ಪು ಜನರ ಮಕ್ಕಳು. ಇನ್ನೊಂದು 'ಅಕಾಡೆಮಿ' ಎಂಬ ಖಾಸಗಿ ಶಾಲೆ, ಅಲ್ಲಿ ಹೆಚ್ಚಿನವರು ಬಿಳಿಯರ ಮಕ್ಕಳು. ಇದು ತಾನಾಗಿ ಆದದ್ದಲ್ಲ. ಇನ್ನು ವಿಳಂಬವಿಲ್ಲದೆ ಶಾಲೆಗಳನ್ನು ಒಂದುಗೂಡಿಸಬೇಕು ಎಂದು ಸುಪ್ರೀಂ ಕೋರ್ಟ್ 1969ರಲ್ಲಿ, ಇದೇ ಮಿಸಿಸಿಪ್ಪಿಯ ಮೊಕದ್ದಮೆಯೊಂದರಲ್ಲಿ ಆದೇಶಿಸಿದಾಗ, ತಮ್ಮ ಮಕ್ಕಳನ್ನು ಹೊರಗೆ ತೆಗೆಯಲು ಬಿಳಿಯ ಪೋಷಕರು ಇಂಥ ಅಕಾಡೆಮಿಗಳನ್ನು ಸಾಲುಸಾಲಾಗಿ ತೆರೆದರು. ನೀವು ಬಂದಿಳಿದ ವಾರವೇ ಯಾರಾದರೂ ಪ್ರೀತಿಯಿಂದ, "ಡಾಕ್ಟರ ಮಕ್ಕಳಲ್ಲವೇ, ಅಕಾಡೆಮಿಗೆ ಹಾಕಿ" ಎನ್ನುತ್ತಾರೆ. ನಮ್ಮವರು ಎರಡನೆಯ ಪ್ರಶ್ನೆ ಕೇಳದೆ ಹಾಕುತ್ತಾರೆ. ಶುಲ್ಕ ಶಿಕಾಗೊಗೆ ಹೋಲಿಸಿದರೆ ಕಡಿಮೆ, ಶಿಸ್ತು ಚೆನ್ನಾಗಿ ಕಾಣುತ್ತದೆ. ಆದರೆ ಅಂಥ ಸಣ್ಣ ಅಕಾಡೆಮಿಗಳಲ್ಲಿ ಗಣಿತ, ವಿಜ್ಞಾನದ ಮೇಲ್ಮಟ್ಟದ ತರಗತಿಗಳು ಇವೆಯೆಂದು ಯಾರೂ ಖಾತರಿ ಕೊಡುವುದಿಲ್ಲ. ಸಾರ್ವಜನಿಕ ಶಾಲೆಗೆ ರಾಜ್ಯ ಸರ್ಕಾರ ಕೊಡುವ ಎ ಯಿಂದ ಎಫ್‌ವರೆಗಿನ ಶ್ರೇಣಿಯೂ ಅವುಗಳಿಗೆ ಅನ್ವಯಿಸುವುದಿಲ್ಲ.

ನಾನು ಸಾರ್ವಜನಿಕ ಶಾಲೆಯ ಪರ. ಕುರುಡಾಗಿ ಅಲ್ಲ: ಶಿಕ್ಷಕರಿಲ್ಲದೆ ತಿಂಗಳುಗಟ್ಟಲೆ ತರಗತಿ ನಡೆಯುವ ಶಾಲೆಗಳು ಡೆಲ್ಟಾದಲ್ಲಿವೆ, ಅಲ್ಲಿಗೆ ಯಾರ ಮಕ್ಕಳೂ ಹೋಗುವಂತಾಗಬಾರದು. ನಿಮ್ಮ ಕೌಂಟಿಯ ಶಾಲೆಗಳ ಶ್ರೇಣಿ ಡಿ ಅಥವಾ ಎಫ್ ಆಗಿದ್ದರೆ ಪಕ್ಕದ ಕೌಂಟಿಯಲ್ಲಿ ಮನೆ ಹುಡುಕಿ. ಆದರೆ ಪತ್ನಿಯ ಒಪ್ಪಂದದಲ್ಲಿ, ತುರ್ತು ಕರೆ ಬಂದರೆ ಎಷ್ಟು ನಿಮಿಷದೊಳಗೆ ಆಸ್ಪತ್ರೆಯಲ್ಲಿರಬೇಕು ಎಂಬ ಷರತ್ತು ಏನಿದೆ ಎಂದು ಮೊದಲು ನೋಡಿಕೊಳ್ಳಿ. ಕಿರಿಯ ತರಗತಿಗಳ ಬಗ್ಗೆ ನಿಜವಾಗಿಯೂ ಸಂತೋಷದ ಸುದ್ದಿಯಿದೆ. 2013ರಲ್ಲಿ ಈ ರಾಜ್ಯ ಓದುವ ಕಲೆಯ ಬಗ್ಗೆ ಕಾನೂನು ಮಾಡಿತು. ಅಕ್ಷರ ಮತ್ತು ಧ್ವನಿಯನ್ನು ಕ್ರಮಬದ್ಧವಾಗಿ ಕಲಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಮೂರನೆಯ ತರಗತಿಯ ಕೊನೆಗೆ ಓದಲು ಬಾರದ ಮಗುವನ್ನು ಮುಂದಕ್ಕೆ ತಳ್ಳುವುದನ್ನು ನಿಲ್ಲಿಸಿತು. ಒಂದು ಕಾಲದಲ್ಲಿ ಪಟ್ಟಿಯ ತಳದಲ್ಲಿದ್ದ ಮಿಸಿಸಿಪ್ಪಿಯ ನಾಲ್ಕನೆಯ ತರಗತಿ ಮಕ್ಕಳು 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಓದಿನಲ್ಲಿ ದೇಶದ ಸರಾಸರಿಯನ್ನು ಮೀರಿದರು. ನಿಮ್ಮ ಮಗನಿಗೆ ಆರು ವರ್ಷ. ಆ ಶ್ರಮದ ಫಲ ನೇರವಾಗಿ ಅವನಿಗೇ ಸಿಗುವ ವಯಸ್ಸು ಅದು.

ಮಗಳ ವಿಷಯ ಕಷ್ಟದ್ದು. ಎಂಟನೆಯ ತರಗತಿಯಲ್ಲಿ ಬೀಜಗಣಿತ ಕಲಿಸುತ್ತಾರೆಯೇ, ಕಲಿಸುವವರು ಯಾರು, ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನೇ ಕಂಡು ಕೇಳಿ. ನೀವು ಐದು ವರ್ಷಕ್ಕಿಂತ ಹೆಚ್ಚು ಉಳಿಯುವುದಾದರೆ, ಕೊಲಂಬಸ್ ಎಂಬ ಊರಿನಲ್ಲಿ ರಾಜ್ಯ ಸರ್ಕಾರ ನಡೆಸುವ ಗಣಿತ ಮತ್ತು ವಿಜ್ಞಾನದ ವಸತಿ ಶಾಲೆಯಿದೆ. 11 ಮತ್ತು 12ನೆಯ ತರಗತಿಗೆ ರಾಜ್ಯದ ಎಲ್ಲೆಡೆಯಿಂದ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಜೊತೆಗೆ, ಕೇಳಲು ಮುಜುಗರವಾದರೂ ಕೇಳಲೇಬೇಕಾದದ್ದೊಂದಿದೆ: ಶಾಲೆಯಲ್ಲಿ ಮಕ್ಕಳಿಗೆ ಹಲಗೆಯಿಂದ ಹೊಡೆಯುವುದನ್ನು ಮಿಸಿಸಿಪ್ಪಿಯ ಕಾನೂನು ಇನ್ನೂ ನಿಷೇಧಿಸಿಲ್ಲ. ಶಾಲಾ ಜಿಲ್ಲೆಯ ನಿಯಮ ಏನೆಂದು ತಿಳಿದು, ನಿಮ್ಮ ಸಮ್ಮತಿಯಿಲ್ಲ ಎಂದು ಸೇರಿಸುವ ದಿನವೇ ಬರೆದುಕೊಡಿ.

ಮಕ್ಕಳನ್ನು ಕರೆತರುವ ಮೊದಲು ಈ ನೆಲದ ಕಥೆ ನಿಮಗೆ ಗೊತ್ತಿರಲಿ. 1910ರಿಂದ 1970ರವರೆಗೆ ದಕ್ಷಿಣದಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಡೆಲ್ಟಾದವರು ಹೆಚ್ಚಾಗಿ ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಇಳಿದದ್ದು ಶಿಕಾಗೊದಲ್ಲಿ. ನೀವು ಆ ದಾರಿಯಲ್ಲಿ ತಿರುಗಿ ಬರುತ್ತಿದ್ದೀರಿ. ಶಿಕಾಗೊದಿಂದ ಬಂದೆವೆಂದರೆ ಪತ್ನಿಯ ರೋಗಿಗಳಲ್ಲಿ ಎಷ್ಟೋ ಮಂದಿ ಅಲ್ಲಿರುವ ತಮ್ಮ ಚಿಕ್ಕಮ್ಮನ ಬೀದಿಯ ಹೆಸರು ಹೇಳಿ, ಗೊತ್ತೇ ಎಂದು ಕೇಳುತ್ತಾರೆ. ಆ ರೈಲು ಮಾರ್ಗದಲ್ಲಿ ಈಗಲೂ ಗಾಡಿ ಓಡುತ್ತದೆ: ಶಿಕಾಗೊದಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಡೆಲ್ಟಾದ ಗ್ರೀನ್‌ವುಡ್‌ನಲ್ಲಿ ಇಳಿಯಬಹುದು. 1955ರ ಆಗಸ್ಟ್‌ನಲ್ಲಿ ಶಿಕಾಗೊದಿಂದ ನೆಂಟರ ಮನೆಗೆ ಬಂದಿದ್ದ 14 ವರ್ಷದ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದದ್ದು ಇಲ್ಲಿಯೇ. ಅವನ ಮತ್ತು ಅವನ ತಾಯಿಯ ಹೆಸರಿನ ರಾಷ್ಟ್ರೀಯ ಸ್ಮಾರಕ 2023ರಲ್ಲಿ ಘೋಷಣೆಯಾಯಿತು. ಅದರ ಒಂದು ತಾಣ ಅವನ ಅಂತ್ಯಕ್ರಿಯೆ ನಡೆದ ಶಿಕಾಗೊದ ಚರ್ಚು, ಉಳಿದ ಎರಡು ಡೆಲ್ಟಾದಲ್ಲಿ. ಹೊರಡುವ ಮೊದಲು ಮಗಳನ್ನು ಆ ಚರ್ಚಿಗೆ ಕರೆದುಕೊಂಡು ಹೋಗಿ, ಬಂದ ಮೇಲೆ ಆ ಕೊಲೆಯ ವಿಚಾರಣೆ ನಡೆದ ಸಮ್ನರ್‌ನ ನ್ಯಾಯಾಲಯ ತೋರಿಸಿ. 11 ವರ್ಷಕ್ಕೆ ಅರ್ಥವಾಗುತ್ತದೆ. ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಕುಟುಂಬಗಳು ಇಲ್ಲಿ ಹೊಸದಲ್ಲ ಎಂಬುದನ್ನೂ ಹೇಳಿ. ದಿನಸಿ ಅಂಗಡಿ ಇಟ್ಟುಕೊಂಡು ಬದುಕಿದ ಚೀನೀ ಕುಟುಂಬಗಳು ಡೆಲ್ಟಾದ ಊರೂರಿನಲ್ಲಿದ್ದವು; ರೋಸ್‌ಡೇಲ್‌ನ ಅಂಥದೊಂದು ಮನೆಯ ಹುಡುಗಿಗೆ ಬಿಳಿಯರ ಶಾಲೆಯಲ್ಲಿ ಜಾಗವಿಲ್ಲ ಎಂಬುದನ್ನು 1927ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಶಾಲೆ ಆರಿಸುವಾಗ ಇದೆಲ್ಲ ನೆನಪಿನಲ್ಲಿರಬೇಕು ಎಂಬುದು ನನ್ನ ಆಗ್ರಹ.

ಜನರ ಬಗ್ಗೆ ನಿಮಗೆ ಹೆದರಿಕೆ ಬೇಡ. ಹೊಸ ಮನೆಗೆ ಸೇರಿದ ದಿನ ಯಾರಾದರೂ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾರೆ. ಎರಡನೆಯ ಮಾತೇ, ಯಾವ ಚರ್ಚಿಗೆ ಹೋಗುತ್ತೀರಿ ಎಂಬುದಾಗಿರುತ್ತದೆ. ಅದನ್ನು ಮತಾಂತರದ ಹುನ್ನಾರವೆಂದು ತಿಳಿಯಬೇಡಿ. ನಮ್ಮ ಹಳ್ಳಿಯಲ್ಲಿ "ಯಾರ ಪೈಕಿ" ಎಂದು ಕೇಳುವ ಹಾಗೆ, ನಿಮ್ಮನ್ನು ಎಲ್ಲಿ ಇಟ್ಟು ನೋಡಬೇಕೆಂದು ಅವರು ಕೇಳುತ್ತಿರುತ್ತಾರೆ. ನಾವು ಹಿಂದೂಗಳು, ದೇವಸ್ಥಾನಕ್ಕೆ ಮೆಂಫಿಸ್‌ಗೆ ಹೋಗುತ್ತೇವೆ ಎಂದು ನೇರವಾಗಿ ಹೇಳಿದರೆ ಗೌರವದಿಂದ ಕೇಳಿಸಿಕೊಳ್ಳುತ್ತಾರೆ. ಮೆಂಫಿಸ್ ಬಳಿಯ ಈಡ್ಸ್‌ನಲ್ಲೂ ರಾಜ್ಯದ ರಾಜಧಾನಿ ಜಾಕ್ಸನ್ ಬಳಿಯ ಬ್ರಾಂಡನ್‌ನಲ್ಲೂ ದೇವಸ್ಥಾನಗಳಿವೆ. ಭಾನುವಾರ ಬೆಳಿಗ್ಗೆ, ಬುಧವಾರ ಸಂಜೆ ಊರು ಚರ್ಚಿನಲ್ಲಿರುತ್ತದೆ. ಶರತ್ಕಾಲದ ಶುಕ್ರವಾರ ರಾತ್ರಿ ಶಾಲೆಯ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿರುತ್ತದೆ. ಆಟ ಅರ್ಥವಾಗದಿದ್ದರೂ ಮೈದಾನಕ್ಕೆ ಹೋಗಿ. ಅಲ್ಲಿ ಕುಳಿತವರಿಗೆ ಮಾತ್ರ ಪಿಯಾನೊ ಕಲಿಸುವವರು ಯಾರು, ಕಾರು ರಿಪೇರಿಗೆ ಯಾರನ್ನು ನಂಬಬಹುದು ಎಂಬುದು ತಿಳಿಯುತ್ತದೆ.

ಮನೆ ಕೊಳ್ಳಬೇಡಿ, ಕನಿಷ್ಠ ಮೊದಲ ವರ್ಷ. ಶಿಕಾಗೊದ ಬೆಲೆ ನೋಡಿದ ಕಣ್ಣಿಗೆ ಇಲ್ಲಿನದು ಪುಕ್ಕಟೆಯಂತೆ ಕಾಣುತ್ತದೆ. ಕೊಳ್ಳುವುದು ಸುಲಭ, ಮಾರುವಾಗ ಗಿರಾಕಿಯಿಲ್ಲ. ಜೊತೆಗೆ ಇಲ್ಲಿನ ಮಣ್ಣು. ಶಾರ್ಕಿ ಎಂಬ ಈ ಜೇಡಿ, ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣಿನ ಹಾಗೆಯೇ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಜೊತೆಗೆ ಅಡಿಪಾಯವೂ ಬಿರಿಯುತ್ತದೆ. ಗೆದ್ದಲು ಇನ್ನೊಂದು ಶತ್ರು. ಬಾಡಿಗೆ ಮನೆ ಸಿಗುವುದು ಕಷ್ಟವಾದ್ದರಿಂದ ಆಸ್ಪತ್ರೆಗೇ ಹುಡುಕಿಕೊಡಲು ಹೇಳಿ, ಅವರಿಗೆ ಅದು ರೂಢಿಯಿದೆ. ನಲ್ಲಿಯಲ್ಲಿ ಚಹಾ ಬಣ್ಣದ ನೀರು ಬಂದರೆ ಬೆಚ್ಚಬೇಡಿ: ಆಳದ ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಹಳೆಯ ಸಸ್ಯಾಂಶದ ಬಣ್ಣವದು. ಇಂಟರ್ನೆಟ್ ನಿಮ್ಮ ಅನ್ನದ ಪ್ರಶ್ನೆ. 2019ರ ಕಾನೂನಿನ ನಂತರ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು ಹೊಲಗಳ ನಡುವೆಯೂ ಫೈಬರ್ ಎಳೆದಿವೆ, ಕೆಲವೆಡೆ ಪಟ್ಟಣಕ್ಕಿಂತ ಹಳ್ಳಿಯ ಸಂಪರ್ಕವೇ ಮೇಲು. ಆದರೂ ಊರಿಗಿದೆ ಎಂಬ ಮಾತು ಸಾಲದು, ಆ ಮನೆ ಸಂಖ್ಯೆಗೆ ಇದೆಯೇ ಎಂದು ಕೇಳಿ. ಆದಾಯ ತೆರಿಗೆ ಇಲಿನಾಯ್‌ಗಿಂತ ಕಡಿಮೆ. ಆದರೆ ದಿನಸಿಯ ಮೇಲೂ ಶೇ 5 ತೆರಿಗೆಯಿದೆ, ಕಾರಿನ ವಾರ್ಷಿಕ ನೋಂದಣಿ ಶುಲ್ಕ ನಿಮ್ಮನ್ನು ಚಕಿತಗೊಳಿಸುತ್ತದೆ. ಎರಡು ಕಾರು ಬೇಕೇ ಬೇಕು.

ಸುಂಟರಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಮಾರ್ಚ್ 24ರ ರಾತ್ರಿ ಡೆಲ್ಟಾದ ರೋಲಿಂಗ್ ಫೋರ್ಕ್ ಊರನ್ನು ಒಂದೇ ಗಾಳಿ ನೆಲಸಮ ಮಾಡಿತು. ಇಲ್ಲಿ ಅವು ಕತ್ತಲಲ್ಲೂ ಬರುತ್ತವೆ, ಮಳೆಯೊಳಗೆ ಅಡಗಿ ಬರುತ್ತವೆ. ಬ್ಯಾಟರಿಯಿಂದ ನಡೆಯುವ ಹವಾಮಾನ ರೇಡಿಯೊ ಮಲಗುವ ಕೋಣೆಯಲ್ಲಿರಲಿ. ಕಿಟಕಿಯಿಲ್ಲದ ಒಳಕೋಣೆ ಇಲ್ಲದ ಮನೆಯನ್ನು ಬಾಡಿಗೆಗೂ ಹಿಡಿಯಬೇಡಿ, ಅಮ್ಮನೂ ಮಕ್ಕಳೂ ಒಂದು ನಿಮಿಷದಲ್ಲಿ ಅಲ್ಲಿ ಸೇರುವುದನ್ನು ಅಭ್ಯಾಸ ಮಾಡಿಸಿ.

ನಿಮ್ಮ ತಾಯಿಯವರ ಬಗ್ಗೆ ನನಗೆ ಎಲ್ಲರಿಗಿಂತ ಹೆಚ್ಚು ಕಳವಳ. ಕಾರು ಓಡಿಸದವರಿಗೆ ಇಲ್ಲಿ ಕಾಲೇ ಇಲ್ಲದಂತೆ: ಬಸ್ಸಿಲ್ಲ, ಕಾಲುದಾರಿಯಿಲ್ಲ, ಬೀದಿ ನಾಯಿಗಳಿವೆ. ಹೃದಯದ ದೊಡ್ಡ ತೊಂದರೆಯಾದರೆ ಜಾಕ್ಸನ್ ಅಥವಾ ಮೆಂಫಿಸ್‌ಗೇ ಓಡಬೇಕು. ಇನ್ನು ಮುಂದೆ ಬೇಸಿಗೆಯಲ್ಲಿ ಕರೆಸುವುದನ್ನು ಬಿಡಿ. ಜುಲೈಯ ಸೆಕೆ, ಸೊಳ್ಳೆ ಎರಡೂ ಮೈಸೂರಿನವರಿಗೆ ತಡೆಯುವಂಥದ್ದಲ್ಲ. ಅಕ್ಟೋಬರ್‌ನಲ್ಲಿ ಕರೆಸಿ, ಫೆಬ್ರವರಿಯ ಕೊನೆಗೆ, ಸುಂಟರಗಾಳಿಯ ಮುಖ್ಯ ಕಾಲಕ್ಕೆ ಮುಂಚೆ ಕಳುಹಿಸಿ. ಊರೊಳಗೆ, ಗ್ರಂಥಾಲಯ ಇಲ್ಲವೇ ಉದ್ಯಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿದರೆ ಅವರ ದಿನ ಬದಲಾಗುತ್ತದೆ. ಹಿತ್ತಲಿದ್ದರೆ ಇನ್ನೂ ಒಳ್ಳೆಯದು: ಅಕ್ಟೋಬರ್‌ನಲ್ಲಿಯೂ ಮೆಂತ್ಯ, ಕೊತ್ತಂಬರಿ, ಮೂಲಂಗಿ ಬಿತ್ತಬಹುದಾದ ನಾಡು ಇದು. ಬೆಂಡೆಕಾಯಿ, ಅಲಸಂದೆ, ಗೆಣಸು ಈ ಜನರ ದಿನನಿತ್ಯದ ಊಟ. ಅಡುಗೆಯ ಮಾತಿನಲ್ಲಿ ಅಮ್ಮ ಪಕ್ಕದ ಮನೆಯ ಅಜ್ಜಿಯ ಜೊತೆ ಭಾಷೆಯಿಲ್ಲದೆಯೂ ಗೆಳೆತನ ಬೆಳೆಸಬಲ್ಲರು. ಹೊರಗೆ ತಿನ್ನುವಾಗ ಮಾತ್ರ ಎಚ್ಚರ: ಸೊಪ್ಪು, ಕಾಳು ಎಂದರೂ ಅದರಲ್ಲಿ ಹಂದಿಮಾಂಸದ ತುಂಡು ಬೆಂದಿರುತ್ತದೆ. ಉದ್ದಿನಬೇಳೆ, ಸೋನಾಮಸೂರಿಗೆ ತಿಂಗಳಿಗೊಮ್ಮೆ ಮೆಂಫಿಸ್ ಪ್ರಯಾಣ. ದೊಡ್ಡ ಫ್ರೀಜರ್ ಒಂದನ್ನು ಮೊದಲ ವಾರವೇ ಕೊಳ್ಳಿ.

ಆಸ್ಪತ್ರೆಯವರು ಪತ್ನಿಯನ್ನು ಊರು ತೋರಿಸಲು ಕರೆಸುವಾಗ ಒಳ್ಳೆಯ ಹೋಟೆಲ್, ಒಳ್ಳೆಯ ಊಟ, ಒಳ್ಳೆಯ ಬೀದಿಗಳಷ್ಟೇ ಕಾಣುತ್ತವೆ. ಅದರ ನಂತರ ನೀವೊಬ್ಬರೇ ಇನ್ನೊಮ್ಮೆ ಹೋಗಿ. ವಾರದ ನಡುವೆ ಬಾಡಿಗೆ ಕೋಣೆಯಲ್ಲಿದ್ದು, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು, ಸಂಜೆ ತರಕಾರಿ ತಂದು, ರಾತ್ರಿ ಒಬ್ಬರೇ ಉಂಡು ನೋಡಿ. ಆ ದಿನ ನಿಮಗೆ ಸಹಿಸಲಾಗದೆ ಹೋದರೆ ಬೇರೆ ಊರು ಹುಡುಕಲು ಪತ್ನಿಗೆ ಹೇಳಿ. ಅದಕ್ಕಾಗಿಯೇ ಸಹಿ ಹಾಕುವ ಮೊದಲು ಹೋಗಬೇಕು.

ಕೊನೆಯದಾಗಿ ದಿನಾಂಕಗಳು. ರೆಸಿಡೆನ್ಸಿ ಜೂನ್ ಕೊನೆಗೆ ಮುಗಿಯುತ್ತದೆ. ಇಲ್ಲಿನ ಶಾಲೆಗಳು ಶಿಕಾಗೊದಂತೆ ಆಗಸ್ಟ್‌ನ ಎರಡನೆಯ ಅರ್ಧದವರೆಗೆ ಕಾಯುವುದಿಲ್ಲ, ಆಗಸ್ಟ್ ಮೊದಲ ಭಾಗದಲ್ಲಿಯೇ ಆರಂಭವಾಗುತ್ತವೆ. ಜುಲೈನಲ್ಲಿ ಆರಂಭಿಸುವ ಶಾಲಾ ಜಿಲ್ಲೆಗಳೂ ಇವೆ. ಸೇರಿಸಲು ವಾಸದ ದಾಖಲೆಗಳು ಬೇಕು, ಅಂದರೆ ಬಾಡಿಗೆ ಕರಾರು ಅದಕ್ಕೆ ಮುಂಚೆಯೇ ಕೈಯಲ್ಲಿರಬೇಕು. ಲಸಿಕೆಗಳ ವಿವರವನ್ನು ಮಿಸಿಸಿಪ್ಪಿಯ 121 ಸಂಖ್ಯೆಯ ನಮೂನೆಗೆ ಇಲ್ಲಿನ ವೈದ್ಯರು ಅಥವಾ ಕೌಂಟಿ ಆರೋಗ್ಯ ಕಚೇರಿಯವರು ಬರೆದುಕೊಡಬೇಕಾದ್ದರಿಂದ, ಶಿಕಾಗೊದ ಮಕ್ಕಳ ವೈದ್ಯರಿಂದ ಇಬ್ಬರ ಪೂರ್ತಿ ಲಸಿಕೆ ಪಟ್ಟಿಯನ್ನು ಮೇ ತಿಂಗಳಲ್ಲಿಯೇ ಪಡೆದಿಟ್ಟುಕೊಳ್ಳಿ. ನಿಮ್ಮ ಎಚ್-1ಬಿ ತಿದ್ದುಪಡಿಯ ವಿಚಾರವನ್ನು ಮಾತ್ರ ಈ ವಾರವೇ ಕಂಪನಿಯ ವಕೀಲರಿಗೆ ಬರೆಯಿರಿ.